ಓದುಗರ ಪ್ರಶ್ನೆ: ಕ್ಯಾಮೆರಾ ಸುಮ್ಮನೆ ನಿಂತರೆ ಅಳು ಯಾಕೆ ಬರುತ್ತೆ?

‘ನಿಮ್ಮನ್ನು ಕಾಡಿದ ಹಾಡಿನ ವಿಡಿಯೊ ಯಾವುದು?’ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಇಂಗ್ಲಿಷಿನ ಬ್ಯಾಲಡ್‌ಗಳ ಬಗ್ಗೆಯೇ ಇವೆ. ಅಗಲಿಕೆ, ನೆನಪು, ಸಾವು ಇಂಥದ್ದನ್ನೆಲ್ಲ ಮೆಲ್ಲಗೆ ಹೇಳುವ ಹಾಡುಗಳು. ನನಗೂ ತುಂಬ ಇಷ್ಟದ ವಿಷಯ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಮಗಳು ಮೊಬೈಲ್‌ನಲ್ಲಿ ಐರ್ಲೆಂಡಿನ ಗಾಯಕಿ ಸಿನೇಡ್ ಓಕಾನರ್ ಹಾಡಿರುವ ‘ನಥಿಂಗ್ ಕಂಪೇರ್ಸ್ ಟು ಯು’ ತೋರಿಸಿದಳು. ನನಗೆ ಇಂಗ್ಲಿಷ್ ಹಾಡು ಅರ್ಧಂಬರ್ಧ ಅರ್ಥವಾಗುತ್ತೆ ಅಷ್ಟೇ. ಇಡೀ ಹಾಡಿನಲ್ಲಿ ಹೆಚ್ಚುಕಮ್ಮಿ ಒಂದೇ ಮುಖ. ಆದರೂ ಕಣ್ಣು ತುಂಬಿ ಬಂತು. ಕ್ಯಾಮೆರಾದವರು ಏನೂ ಮಾಡಿಯೇ ಇಲ್ಲವಲ್ಲ, ಮತ್ತೆ ಇದು ಹೇಗೆ?
— ಓದುಗರೊಬ್ಬರು, ಮೈಸೂರು

ಇನ್ನೊಂದು ಸಲ ಸೌಂಡ್ ಆಫ್ ಮಾಡಿ ನೋಡಿ. ಆಗ ಅಲ್ಲಿ ಎಷ್ಟು ಕೆಲಸ ನಡೆದಿದೆ ಅಂತ ಕಾಣುತ್ತೆ.

ಮೊದಲು ಬಣ್ಣ. ಹಿಂದೆ ಕಪ್ಪು. ಆಕೆ ತೊಟ್ಟಿರುವುದು ಕುತ್ತಿಗೆ ಮುಚ್ಚುವ ಕಪ್ಪು ಅಂಗಿ. ಹಾಗಾಗಿ ಮೈ ಯಾವುದು, ಹಿನ್ನೆಲೆ ಯಾವುದು ಅಂತ ಗೊತ್ತಾಗುವುದೇ ಇಲ್ಲ. ತಲೆ ಬೋಳಿಸಿಕೊಂಡಿರುವುದರಿಂದ ಕೂದಲಿನ ಸಿಂಗಾರವೂ ಇಲ್ಲ. ಓಲೆ ಇಲ್ಲ, ಸರ ಇಲ್ಲ. ಕಣ್ಣು ಓಡಿಹೋಗಲು ಬೇರೆ ಜಾಗವೇ ಇಲ್ಲದಂತೆ ಮಾಡಿ, ಕತ್ತಲಲ್ಲಿ ಆ ಮುಖವೊಂದನ್ನೇ ನಮ್ಮ ಮುಂದೆ ಇಟ್ಟಿದ್ದಾರೆ ನಿರ್ದೇಶಕ ಜಾನ್ ಮೇಬರಿ.

ಆಮೇಲೆ ನೋಟ. ಸಿನಿಮಾದಲ್ಲಿ ನಟರಿಗೆ ಮೊದಲು ಹೇಳಿಕೊಡುವ ಪಾಠವೇ ‘ಲೆನ್ಸ್ ಕಡೆ ನೋಡಬೇಡ’ ಅನ್ನುವುದು. ಇಲ್ಲಿ ಆಕೆ ನೇರವಾಗಿ ಲೆನ್ಸನ್ನೇ ನೋಡುತ್ತಾಳೆ. ಹಾಡು ‘ನೀನು ಬಿಟ್ಟು ಹೋದೆ’ ಅಂತ ಒಬ್ಬರನ್ನು ಉದ್ದೇಶಿಸಿ ಹೇಳುವಂಥದ್ದು. ಆಕೆ ನಮ್ಮನ್ನು ನೋಡುತ್ತಾ ‘ನೀನು’ ಅಂದಾಗ ಬಿಟ್ಟು ಹೋದವರು ನಾವೇ ಆಗಿಬಿಡುತ್ತೇವೆ! ನಿಮಗೆ ಮಾತು ಅರ್ಧ ಅರ್ಥವಾದರೂ ಅಳು ಪೂರ್ತಿ ಬಂದಿದ್ದು ಇದಕ್ಕೇ ಅಂತ ನನಗನಿಸುತ್ತೆ. ನಡುನಡುವೆ ಆಕೆ ಕಣ್ಣು ತಗ್ಗಿಸುತ್ತಾಳೆ, ಪಕ್ಕಕ್ಕೆ ನೋಡುತ್ತಾಳೆ, ಸಿಟ್ಟಾಗುತ್ತಾಳೆ. ಕಣ್ಣು ತಪ್ಪಿಸಿದ ಒಂದೊಂದು ಗಳಿಗೆಯಲ್ಲೂ ಮತ್ತೆ ಈ ಕಡೆ ನೋಡಲಿ ಅಂತ ನಾವು ಕಾಯುತ್ತೇವೆ. ಕ್ಯಾಮೆರಾ ಅಲುಗಾಡದೇ ಇರುವುದರಿಂದ ಆ ಮುಖದ ಸಣ್ಣ ಅಲುಗಾಟವೂ ದೊಡ್ಡ ಘಟನೆಯಾಗುತ್ತೆ.

ಕೊನೆಗೆ ಕಣ್ಣೀರು. ಅಮ್ಮ ಹಿತ್ತಲಲ್ಲಿ ನೆಟ್ಟಿದ್ದ ಹೂಗಿಡಗಳು ಸತ್ತುಹೋದವು ಅನ್ನುವ ಸಾಲು ಹಾಡಿನ ಕೊನೆ ಭಾಗದಲ್ಲಿ ಬರುತ್ತೆ. ಅಲ್ಲಿ ಎರಡು ಹನಿ ಜಾರುತ್ತವೆ, ಕೆನ್ನೆಗೊಂದು. ಅದು ಗ್ಲಿಸರಿನ್ ಅಲ್ಲ. ಸಿನೇಡ್ ಅವರ ತಾಯಿ 1985ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಡುವಾಗ ಅಮ್ಮನ ನೆನಪಾಯಿತು ಅಂತ ಅವರೇ ಮುಂದೆ ಹೇಳಿಕೊಂಡರು. ಮೊದಲಿದ್ದ ಯೋಜನೆಯಲ್ಲಿ ಈ ಕ್ಲೋಸಪ್ ವಿಡಿಯೊದ ಒಂದು ಭಾಗ ಮಾತ್ರ. ತೆಗೆದ ಮೇಲೆ ನೋಡಿದರೆ ಬೇರೇನೂ ಬೇಕಾಗಿಲ್ಲ ಅನ್ನಿಸಿ, ಅದನ್ನೇ ನಡುವೆ ಇಟ್ಟು ಉಳಿದದ್ದನ್ನು ಅದರ ಸುತ್ತ ಕೂರಿಸಿದರು. ಚಿತ್ರೀಕರಿಸಿದ್ದನ್ನು ಕೈಬಿಡುವುದಕ್ಕೆ ಗಟ್ಟಿ ಮನಸ್ಸು ಬೇಕು. ಆ ಹನಿ ಜಾರುವಾಗ ಇನ್ನೊಬ್ಬ ಎಡಿಟರ್ ಆಗಿದ್ದರೆ ಮಳೆ ತೋರಿಸುತ್ತಿದ್ದರೇನೋ, ಬಾಡಿದ ಹೂವಿಗೆ ಕತ್ತರಿಸುತ್ತಿದ್ದರೇನೋ. ಇಲ್ಲಿ ಕತ್ತರಿ ಹಾಕಲಿಲ್ಲ.

ಈ ಹಾಡು ಬರೆದವರು ಅಮೆರಿಕದ ಗಾಯಕ ಪ್ರಿನ್ಸ್. 1985ರಲ್ಲಿ ‘ದಿ ಫ್ಯಾಮಿಲಿ’ ಅನ್ನುವ ತಂಡದ ಆಲ್ಬಮ್‌ನಲ್ಲಿ ಮೊದಲು ಬಂತು, ಅಷ್ಟಾಗಿ ಯಾರೂ ಗಮನಿಸಲಿಲ್ಲ. 1990ರಲ್ಲಿ ಸಿನೇಡ್ ಹಾಡಿದಾಗ ಜಗತ್ತೇ ಕೇಳಿತು. ಆ ವರ್ಷ ಸಂಗೀತದ ಟಿವಿ ಚಾನೆಲ್ ಎಂಟಿವಿ ಕೊಟ್ಟ ಪ್ರಶಸ್ತಿಗಳಲ್ಲಿ ‘ವರ್ಷದ ವಿಡಿಯೊ’ ಕೂಡ ಇದೇ, ಆ ಗೌರವ ಪಡೆದ ಮೊದಲ ಗಾಯಕಿ ಅವರು. 2023ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಎಲ್ಲ ಕಡೆ ಕಂಡಿದ್ದೂ ಇದೇ ಮುಖ.

ಅದೇ ವಿಡಿಯೊದಲ್ಲಿ ನಡುನಡುವೆ ಆಕೆ ಯಾವುದೋ ಪಾರ್ಕ್‌ನಲ್ಲಿ ನಡೆಯುವುದನ್ನು ತೋರಿಸುತ್ತಾರೆ. ಮುಖವೇ ಸಾಕಾಗಿತ್ತು ಅಂದ ಮೇಲೆ ಅದು ಯಾಕೆ ಬೇಕಿತ್ತು?
— ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ಒಳ್ಳೆ ಪ್ರಶ್ನೆ. ಅದು ಪ್ಯಾರಿಸ್ ಪಕ್ಕದ ಸ್ಯಾಂಕ್ಲೂ ಉದ್ಯಾನ. ಎಲೆ ಉದುರಿದ ಮರಗಳು, ಕಲ್ಲಿನ ಮೂರ್ತಿಗಳು, ಉದ್ದ ಕಪ್ಪು ಕೋಟು ತೊಟ್ಟು ಒಬ್ಬಳೇ ನಡೆಯುವ ಹೆಂಗಸು.

ಒಂದು ಉಪಯೋಗವಂತೂ ಉಸಿರಾಟಕ್ಕೆ. ಅಷ್ಟು ಹತ್ತಿರದಿಂದ ಒಂದೇ ಮುಖವನ್ನು ಬಿಡದೆ ನೋಡುತ್ತಾ ಕೂತರೆ ನೋಡುವವರಿಗೇ ಉಸಿರು ಕಟ್ಟುತ್ತೆ. ದೂರದ ಶಾಟ್ ಬಂದಾಗ ನಾವು ಸ್ವಲ್ಪ ಹಿಂದೆ ಸರಿಯುತ್ತೇವೆ, ಮತ್ತೆ ಮುಖ ಬಂದಾಗ ಅದು ಇನ್ನೂ ಹತ್ತಿರ ಅನ್ನಿಸುತ್ತೆ.

ಜಾಗದ ಕಥೆಯೂ ಇದೆ. ಆ ಉದ್ಯಾನದ ನಡುವೆ ಹಿಂದೆ ಒಂದು ದೊಡ್ಡ ಅರಮನೆ ಇತ್ತು. ಫ್ರಾನ್ಸ್ ಮತ್ತು ಪ್ರಷ್ಯಾ ನಡುವಿನ ಯುದ್ಧದಲ್ಲಿ, 1870ರಲ್ಲಿ, ಅದು ಸುಟ್ಟುಹೋಯಿತು. ಅಳಿದುಳಿದ ಗೋಡೆಗಳನ್ನೂ 1891ರಲ್ಲಿ ಕೆಡವಿದರು. ಅರಮನೆಗಾಗಿ ಹಾಕಿದ ದಾರಿಗಳು, ಮೆಟ್ಟಿಲು, ಮೂರ್ತಿಗಳೆಲ್ಲ ಇವತ್ತಿಗೂ ಇವೆ. ಅರಮನೆ ಮಾತ್ರ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಜಾಗ ಆರಿಸಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಪರದೆ ಮೇಲೆ ನೋಡಿ: ದಾರಿಗಳು ಅಷ್ಟು ಅಗಲ, ಅಷ್ಟು ಉದ್ದ, ಎಲ್ಲವೂ ಯಾವುದೋ ದೊಡ್ಡ ವಸ್ತುವಿನ ಕಡೆಗೆ ಕರೆದುಕೊಂಡು ಹೋಗುವಂತಿವೆ, ಹೋದರೆ ಅಲ್ಲಿ ಏನೂ ಇಲ್ಲ. ‘ನೀನಿಲ್ಲ’ ಅನ್ನುವ ಹಾಡಿಗೆ ಇದಕ್ಕಿಂತ ಹೊಂದುವ ಜಾಗ ಸಿಗುವುದು ಕಷ್ಟ. ಕಥೆ ಗೊತ್ತಿಲ್ಲದವರಿಗೂ ಆ ಖಾಲಿತನ ತಟ್ಟುತ್ತೆ.

ಜಾನಿ ಕ್ಯಾಶ್ ಅವರ ‘ಹರ್ಟ್’ ವಿಡಿಯೊ ನೋಡಿ ನನಗೆ ಕಸಿವಿಸಿ ಆಯಿತು. ನಡುಗುವ ಕೈಯ ಮುದುಕರನ್ನು ಹಾಗೆ ತೋರಿಸಿ ಅಳಿಸುವುದು ಸರಿಯಾ? ಅದು ಕಾಯಿಲೆಯನ್ನು ಮಾರಿದಂತೆ ಅಲ್ವಾ?
— ನಿವೃತ್ತ ಶಿಕ್ಷಕರು, ಮಂಗಳೂರು

ಸರ್, ನಿಮ್ಮ ಕಸಿವಿಸಿ ನ್ಯಾಯವಾದದ್ದೇ. ಆ ವಿಡಿಯೊವನ್ನು ನೋಡಿದ ತುಂಬ ಜನರಿಗೆ ಹಾಗೇ ಆಗಿದೆ. ಆದರೂ ಅದು ಮಾರಾಟ ಅಂತ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಓದುಗರಿಗಾಗಿ ಹಿನ್ನೆಲೆ: ಮೂಲ ಹಾಡು 1994ರದ್ದು, ‘ನೈನ್ ಇಂಚ್ ನೇಲ್ಸ್’ ತಂಡದ್ದು, ಬರೆದವರು ಟ್ರೆಂಟ್ ರೆಜ್ನರ್. ಅಮೆರಿಕದ ಹಳ್ಳಿಗಾಡಿನ ಸಂಗೀತದ ದೊಡ್ಡ ಹೆಸರಾದ ಕ್ಯಾಶ್ ಅದನ್ನು ತಮ್ಮ 2002ರ ಆಲ್ಬಮ್‌ನಲ್ಲಿ ಹಾಡಿದರು. ವಿಡಿಯೊ ನಿರ್ದೇಶಿಸಿದವರು ಮಾರ್ಕ್ ರೊಮಾನೆಕ್. ಅವರ ಮೊದಲ ಆಲೋಚನೆ ಲಾಸ್ ಏಂಜಲೀಸ್‌ನಲ್ಲಿ ಸೆಟ್ ಹಾಕಿ ತೆಗೆಯುವುದಾಗಿತ್ತು. ಕ್ಯಾಶ್ ಅವರ ಆರೋಗ್ಯ ಸರಿಯಿರಲಿಲ್ಲ, ಅಷ್ಟು ದೂರ ಬರಲು ಆಗುತ್ತಿರಲಿಲ್ಲ. ಹಾಗಾಗಿ ತಂಡವೇ ಟೆನೆಸ್ಸಿಯ ಹೆಂಡರ್ಸನ್‌ವಿಲ್‌ಗೆ, ಅವರ ಊರಿಗೆ ಹೋಯಿತು.

ಅಲ್ಲಿ ‘ಹೌಸ್ ಆಫ್ ಕ್ಯಾಶ್’ ಅನ್ನುವ ಅವರದೇ ಮ್ಯೂಸಿಯಂ ಇತ್ತು. ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ನೀರು ನುಗ್ಗಿ ಹಾಳಾಗಿತ್ತು. ಗಾಜು ಒಡೆದ ಚಿನ್ನದ ರೆಕಾರ್ಡ್ ಫಲಕ, ಧೂಳು ಹಿಡಿದ ಪೆಟ್ಟಿಗೆಗಳು. ಇನ್ನೊಬ್ಬರಾಗಿದ್ದರೆ ಗುಡಿಸಿ, ಒರೆಸಿ, ಲೈಟ್ ಹಾಕಿ ಆಮೇಲೆ ಕ್ಯಾಮೆರಾ ಇಡುತ್ತಿದ್ದರು. ರೊಮಾನೆಕ್ ಇದ್ದದ್ದನ್ನು ಇದ್ದ ಹಾಗೇ ತೆಗೆದರು. ಲೋಕದ ಕೀರ್ತಿಯೆಲ್ಲ ಮಣ್ಣು ಅನ್ನುವ ಅರ್ಥದ ಹಾಡಿಗೆ ಹಾಡುಗಾರರ ಸ್ವಂತ ಕೀರ್ತಿಯೇ ಮಣ್ಣು ಮೆತ್ತಿಕೊಂಡು ಬಿದ್ದಿರುವ ಜಾಗ ಸಿಕ್ಕಿತು. ಯಾವ ಕಲಾ ನಿರ್ದೇಶಕರಿಗೂ ಅದನ್ನು ಕಟ್ಟಲು ಬರುತ್ತಿರಲಿಲ್ಲ.

ಈಗ ಕ್ಯಾಮೆರಾ ಗಮನಿಸಿ. ಎಪ್ಪತ್ತರ ಕ್ಯಾಶ್ ಕೂತಲ್ಲಿ ಕ್ಯಾಮೆರಾ ಹೆಚ್ಚುಕಮ್ಮಿ ತಣ್ಣಗಿದೆ. ನಡುವೆ ಬರುವ ಹಳೇ ತುಣುಕುಗಳಲ್ಲಿ, ಅಂದರೆ ಯುವಕ ಕ್ಯಾಶ್ ರೈಲಿನಲ್ಲಿ, ವೇದಿಕೆ ಮೇಲೆ, ಜನರ ನಡುವೆ ಇರುವಾಗ, ಎಲ್ಲವೂ ಓಡುತ್ತಿದೆ. ಆ ಓಟ, ಈ ನಿಲುಗಡೆ. ಹಾಡು ಏರುತ್ತಾ ಹೋದಂತೆ ಪಿಯಾನೊ ಒಂದೇ ಸ್ವರವನ್ನು ಬಡಿಯುತ್ತೆ, ಕತ್ತರಿಸುವ ವೇಗವೂ ಹೆಚ್ಚುತ್ತೆ, ಇಡೀ ಆಯಸ್ಸು ಒಂದು ನಿಮಿಷದಲ್ಲಿ ನಮ್ಮ ಮೇಲೆ ಬಂದು ಬೀಳುತ್ತೆ. ಆಮೇಲೆ ಅವರು ಪಿಯಾನೊ ಮುಚ್ಚಳ ಮುಚ್ಚಿ ಅದರ ಮೇಲೆ ಮೆಲ್ಲಗೆ ಕೈ ಆಡಿಸುತ್ತಾರೆ. ಅಷ್ಟೇ.

ಇನ್ನೊಂದು ಶಾಟ್ ಬಗ್ಗೆ ಹೇಳಲೇಬೇಕು. ಹೆಂಡತಿ ಜೂನ್ ಕಾರ್ಟರ್ ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುತ್ತಾರೆ. ಚಿತ್ರೀಕರಣದ ನಡುವೆ ಆಕೆ ಹಾಗೆ ನಿಂತು ನೋಡುತ್ತಿದ್ದದ್ದು ರೊಮಾನೆಕ್ ಕಣ್ಣಿಗೆ ಬಿತ್ತು, ಅದನ್ನೂ ಸೇರಿಸಿಕೊಂಡರು. ಆ ನೋಟದಲ್ಲಿ ಪ್ರೀತಿ ಇದೆ, ಹೆದರಿಕೆ ಇದೆ, ಹೆಮ್ಮೆಯೂ ಇದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ನೋಟದಲ್ಲೇ ಇದೆ ಸರ್. ಆ ಮನೆಯವರೇ ನಮ್ಮ ಜೊತೆ ನಿಂತು ನೋಡುತ್ತಿದ್ದಾರೆ, ಕದ್ದು ನೋಡಿದ್ದು ಏನೂ ಇಲ್ಲ. ಕ್ಯಾಶ್ ಕೂಡ ತಾವು ಹೇಗೆ ಕಾಣುತ್ತಿದ್ದೇವೆ ಅಂತ ಗೊತ್ತಿದ್ದೇ ಕ್ಯಾಮೆರಾ ಮುಂದೆ ಕೂತರು. ನಡುಗುವ ಕೈಯಿಂದ ವೈನ್ ಅನ್ನು ಮೇಜಿನ ಊಟದ ಮೇಲೆಲ್ಲ ಸುರಿಯುವ ದೃಶ್ಯ ಇದೆಯಲ್ಲ, ಅದು ಕೈಲಾಗದವರ ಕೈಯಲ್ಲ, ಲೆಕ್ಕ ಮುಗಿಸುತ್ತಿರುವವರ ಕೈ.

ಜೂನ್ 2003ರ ಮೇ 15ರಂದು ತೀರಿಕೊಂಡರು, ಕ್ಯಾಶ್ ಅದೇ ವರ್ಷ ಸೆಪ್ಟೆಂಬರ್ 12ರಂದು. ಅವರಿದ್ದ ಮನೆ 2007ರಲ್ಲಿ ಬೆಂಕಿಗೆ ಬಿತ್ತು. ಮೂಲ ಹಾಡು ಬರೆದ ರೆಜ್ನರ್ ಈ ವಿಡಿಯೊ ನೋಡಿದ ಮೇಲೆ ‘ಆ ಹಾಡು ಇನ್ನು ನನ್ನದಲ್ಲ’ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಬರೆದವರೇ ಹಾಗಂದರೆ ಇನ್ನೇನು ಬೇಕು?

ಅಡೆಲ್ ಅವರ ‘ಹಲೋ’ ವಿಡಿಯೊ 2015ರದ್ದು. ಆದರೆ ಅದರಲ್ಲಿ ಮಡಚುವ ಹಳೇ ಮೊಬೈಲ್! ಬಣ್ಣವೂ ಕಂದು. ಗೆಳೆಯರೆಲ್ಲ ಇದು ನಿರ್ದೇಶಕರ ತಪ್ಪು ಅಂತಾರೆ. ನಿಜಾನಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ತಪ್ಪಲ್ಲ, ಬೇಕಂತಲೇ ಇಟ್ಟದ್ದು. ಆ ವಿಡಿಯೊ ಬಂದಾಗ ಇದೇ ಪ್ರಶ್ನೆ ಎಲ್ಲ ಕಡೆ ಓಡಾಡಿತು. ಕೆನಡಾದ ನಿರ್ದೇಶಕ ಝೇವಿಯರ್ ಡೊಲಾನ್ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಾರೆ: ಇವತ್ತಿನ ಫೋನು, ಇವತ್ತಿನ ಕಾರು ತೋರಿಸಿದರೆ ನೋಡುವವರು ಕಥೆಯಿಂದ ಹೊರಬಂದು ತಮ್ಮ ದಿನನಿತ್ಯಕ್ಕೆ ಇಳಿದುಬಿಡುತ್ತಾರೆ ಅನ್ನುವುದು ಅವರ ವಾದ. ನನಗೆ ಇದು ಸರಿ ಅನ್ನಿಸುತ್ತೆ. ಹಾಡು ಇರುವುದೇ ಹಳೇ ಸಂಬಂಧಕ್ಕೆ ಫೋನು ಮಾಡುವ ಬಗ್ಗೆ, ಆ ಕಡೆಯಿಂದ ಯಾರೂ ಎತ್ತದ ಬಗ್ಗೆ.

ಕೆನಡಾದ ಕ್ವಿಬೆಕ್‌ನ ಹಳ್ಳಿ ಕಡೆಯ ಒಂದು ಮನೆಯಲ್ಲಿ ತೆಗೆದದ್ದು. ಆಕೆ ಬಾಗಿಲು ತೆಗೆದು ಒಳಗೆ ಬರುತ್ತಾಳೆ, ಪೀಠೋಪಕರಣಗಳ ಮೇಲೆ ಹೊದಿಸಿದ ಬಟ್ಟೆ ಎಳೆಯುತ್ತಾಳೆ, ಧೂಳು ಏಳುತ್ತೆ. ಒಂದು ನಿಮಿಷ ದಾಟಿದ ಮೇಲೇ ಹಾಡು ಶುರುವಾಗುವುದು! ಅಷ್ಟು ಹೊತ್ತಿನಲ್ಲಿ ಈ ಮನೆಯಲ್ಲಿ ಯಾರೋ ಇದ್ದರು, ಈಗಿಲ್ಲ ಅಂತ ನಮಗೆ ಗೊತ್ತಾಗಿರುತ್ತೆ. ಕಾಡಿನ ನಡುವೆ ಬಳ್ಳಿ ಹಬ್ಬಿದ ಟೆಲಿಫೋನ್ ಬೂತ್ ಕೂಡ ಅದೇ ಮಾತು ಹೇಳುತ್ತೆ. ಸ್ವಲ್ಪ ಭಾಗವನ್ನು ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಅಷ್ಟು ದೊಡ್ಡ ಫಿಲ್ಮ್ ಇದ್ದರೆ ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತೆ, ಹಿಂದಿನ ಗೋಡೆ ಮೆತ್ತಗೆ ಮಸುಕಾಗುತ್ತೆ. ಕೊನೆಯಲ್ಲಿ ಗಾಳಿ ಎಬ್ಬಿಸಿ ಒಣಗಿದ ಎಲೆ ಹಾರಿಸುವ ಭಾಗ ಮಾತ್ರ ನನಗೆ ಸ್ವಲ್ಪ ಜಾಸ್ತಿಯಾಯಿತು. ಆ ಧ್ವನಿಗೆ ಗಾಳಿ ಯಂತ್ರದ ನೆರವು ಬೇಕಿರಲಿಲ್ಲ.

ಹಾಡುವವರ ಮುಖಕ್ಕಿಂತ ಜಾಗವೇ ಕಾಡುವ ವಿಡಿಯೊ ಒಂದು ಹೇಳಿ.
— ಓದುಗರೊಬ್ಬರು, ದಾವಣಗೆರೆ

‘ಆರ್‌ಇಎಂ’ ತಂಡದ ‘ಎವ್ರಿಬಡಿ ಹರ್ಟ್ಸ್’. ನಿರ್ದೇಶಕ ಜೇಕ್ ಸ್ಕಾಟ್, 1993. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್, ಅಷ್ಟೇ ಕಥೆ. ಕ್ಯಾಮೆರಾ ಒಂದು ಕಾರಿನಿಂದ ಇನ್ನೊಂದಕ್ಕೆ ಮೆಲ್ಲಗೆ ಹೋಗುತ್ತೆ, ಒಳಗೆ ಕೂತವರ ಮನಸ್ಸಿನ ಮಾತು ಪರದೆ ಕೆಳಗೆ ಅಕ್ಷರವಾಗಿ ಬರುತ್ತೆ. ಗಾಜು ಏರಿಸಿಕೊಂಡು ಅಕ್ಕಪಕ್ಕದಲ್ಲೇ ಕೂತವರು, ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿಲ್ಲ. ಕೊನೆಗೆ ಎಲ್ಲರೂ ಕಾರಿನಿಂದ ಇಳಿದು ನಡೆದು ಹೋಗುತ್ತಾರೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡ ಯಾರಿಗಾದರೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

‘ಕೋಲ್ಡ್‌ಪ್ಲೇ’ಯ ‘ದಿ ಸೈಂಟಿಸ್ಟ್’ ವಿಡಿಯೊದಲ್ಲಿ ಎಲ್ಲ ಹಿಂದು ಹಿಂದಕ್ಕೆ ನಡೆಯುತ್ತೆ, ಆದರೆ ಗಾಯಕನ ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದುತ್ತೆ. ಕಂಪ್ಯೂಟರ್ ಕೆಲಸಾನಾ?
— ಪಿಯುಸಿ ವಿದ್ಯಾರ್ಥಿ, ತುಮಕೂರು

ಅಲ್ಲ, ಬಾಯಿಪಾಠ! ತಂಡದ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ತಿರುಗುಮುರುಗಾಗಿ ಕಲಿತರು. ಚಿತ್ರೀಕರಣದಲ್ಲಿ ಉಲ್ಟಾ ಹಾಡಿದರು, ಅದನ್ನು ಉಲ್ಟಾ ಓಡಿಸಿದಾಗ ತುಟಿ ಸರಿಯಾಯಿತು. 2002ರ ಈ ವಿಡಿಯೊ ನಿರ್ದೇಶಿಸಿದ್ದು ಜೇಮೀ ತ್ರೇವ್ಸ್. ಮತ್ತೆ ಮೊದಲಿಗೇ ಹೋಗೋಣ ಅಂತ ಬೇಡುವ ಹಾಡು ಅದು. ಕಥೆ ಹಿಂದಕ್ಕೆ ಓಡಿ ಓಡಿ, ಕಾರು ಅಪಘಾತ ಆಗುವುದಕ್ಕೆ ಮುಂಚಿನ ಗಳಿಗೆಗೆ ಬಂದು ನಿಲ್ಲುತ್ತೆ. ಅಲ್ಲಿ ಹುಡುಗಿ ಅವನ ಪಕ್ಕದಲ್ಲಿ ಇನ್ನೂ ಇದ್ದಾಳೆ. ತಂತ್ರ ಅನ್ನುವುದು ಹಾಡಿನ ಅರ್ಥದಿಂದಲೇ ಹುಟ್ಟಿದರೆ ಹೀಗಿರುತ್ತೆ.

ನಾವು ನಾಲ್ಕು ಜನ ಗೆಳೆಯರು ಒಂದು ಭಾವಗೀತೆಯ ವಿಡಿಯೊ ಮಾಡಬೇಕೆಂದಿದ್ದೇವೆ. ದುಡ್ಡು ಕಡಿಮೆ. ಇರುವುದು ಒಂದು ಒಳ್ಳೆ ಮೊಬೈಲ್, ಒಂದು ಟ್ರೈಪಾಡ್. ಡ್ರೋನ್ ಬಾಡಿಗೆಗೆ ತಂದು ಜೋಗದ ಮೇಲಿಂದ ತೆಗೆದರೆ ಚೆನ್ನಾಗಿರುತ್ತೆ ಅಂತ ಒಬ್ಬ. ಸ್ಲೋ ಮೋಷನ್ ಬೇಕೇ ಬೇಕು ಅಂತ ಇನ್ನೊಬ್ಬ. ನೀವೇನಂತೀರಿ?
— ಗೆಳೆಯರ ಬಳಗ, ಸಾಗರ

ಡ್ರೋನ್ ದುಡ್ಡು ಉಳಿಸಿ, ಒಂದು ದಿನ ಜಾಸ್ತಿ ಚಿತ್ರೀಕರಣ ಮಾಡಿ. ಜೋಗ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಕವಿತೆ ಜೋಗದ ಬಗ್ಗೆ ಇದೆಯಾ? ಇಲ್ಲವಾದರೆ ನೋಡುವವರು ಜಲಪಾತ ನೋಡುತ್ತಾರೆ, ಹಾಡನ್ನು ಮರೆಯುತ್ತಾರೆ. ಕವಿತೆ ಯಾರದ್ದೋ ದಾರಿ ಕಾಯುವುದರ ಬಗ್ಗೆ ಇದ್ದರೆ ನಿಮ್ಮಲ್ಲೇ ಯಾರದಾದರೂ ಅಜ್ಜಿಮನೆಯ ಜಗಲಿ ಸಾಕು. ದಣಪೆ, ಅಂಗಳ, ಮಾಡಿನಿಂದ ಇಳಿಯುವ ನೀರು. ನಿಜವಾಗಿ ಜನ ಬಾಳಿದ ಮನೆ ಹುಡುಕಿ, ಮತ್ತೆ ದಯವಿಟ್ಟು ಅದನ್ನು ಸಿಂಗರಿಸಬೇಡಿ. ಗೋಡೆಯ ಪಾಚಿ ಇರಲಿ.

ಮುಖ ತೆಗೆಯುವಾಗ ಒಂದು ಎಚ್ಚರ. ಮೊಬೈಲ್‌ನ ಮಾಮೂಲಿ ಲೆನ್ಸ್ ಅಗಲದ್ದು. ಅದನ್ನು ಮುಖದ ಹತ್ತಿರ ಒಯ್ದರೆ ಮೂಗು ದಪ್ಪ, ಕಿವಿ ಹಿಂದೆ. ಎರಡು ಅಥವಾ ಮೂರು ಪಟ್ಟಿನ ಜೂಮ್ ಲೆನ್ಸ್ ಬೇರೆ ಇದ್ದರೆ ಅದನ್ನು ಹಾಕಿ, ನೀವು ಹಿಂದೆ ಸರಿದು ನಿಂತು ತೆಗೆಯಿರಿ. ಹಾಡುವವರನ್ನು ಕಿಟಕಿ ಪಕ್ಕ ಕೂರಿಸಿ, ಬೆಳಕು ಒಂದು ಕಡೆಯಿಂದ ಮಾತ್ರ ಬರಲಿ. ಫೋಕಸ್, ಎಕ್ಸ್‌ಪೋಶರ್ (ಕ್ಯಾಮೆರಾ ಎಷ್ಟು ಬೆಳಕು ತಗೊಳ್ಳುತ್ತೆ ಅನ್ನುವುದು) ಎರಡನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಮೋಡ ಸರಿದಾಗಲೆಲ್ಲ ಮುಖದ ಬಣ್ಣ ಕುಣಿಯುತ್ತೆ. ಪಲ್ಲವಿಯಿಂದ ಕೊನೆ ಚರಣದವರೆಗೂ ನಿಲ್ಲಿಸದೆ ಒಂದೇ ಟೇಕ್ ತೆಗೆಯಿರಿ, ಅದೇ ರೀತಿ ಎರಡು ಮೂರು ಸಲ. ಅರ್ಧಕ್ಕೆ ‘ಕಟ್’ ಅನ್ನಬೇಡಿ. ಒಳ್ಳೆಯದು ಬರುವುದು ಹಾಡುವವರು ಕ್ಯಾಮೆರಾ ಮರೆತ ಮೇಲೆ.

ಸ್ಲೋ ಮೋಷನ್‌ಗೆ ಒಂದು ಲೆಕ್ಕ ಇದೆ. ವಿಡಿಯೊ ಕೊನೆಗೆ ಸೆಕೆಂಡಿಗೆ 25 ಫ್ರೇಮ್‌ನಲ್ಲಿ, ಅಂದರೆ 25 ಬಿಡಿ ಚಿತ್ರಗಳಲ್ಲಿ, ಓಡುತ್ತೆ ಅಂತಿಟ್ಟುಕೊಳ್ಳಿ. ನೀವು 50 ಫ್ರೇಮ್‌ನಲ್ಲಿ ತೆಗೆದರೆ ಸ್ಪೀಕರ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗವಾಗಿ ಹಾಕಬೇಕು, ಹಾಡುವವರು ಆ ವೇಗಕ್ಕೇ ತುಟಿ ಆಡಿಸಬೇಕು. ಆಮೇಲೆ ಅರ್ಧ ವೇಗಕ್ಕೆ ಇಳಿಸಿದಾಗ ತುಟಿ ಹಾಡಿಗೆ ಸೇರುತ್ತೆ, ಸೆರಗು, ಕೂದಲು, ಮಳೆ ಎಲ್ಲ ನಿಧಾನವಾಗುತ್ತೆ. ಎರಡು ಪಟ್ಟು ವೇಗದಲ್ಲಿ ಭಾವಗೀತೆಗೆ ತುಟಿ ಆಡಿಸುತ್ತಾ ಮುಖದಲ್ಲಿ ಭಾವ ತರುವುದು ಕಷ್ಟ, ಹೊಸಬರಿಗಂತೂ ನಗುವೇ ಬರುತ್ತೆ. 30 ಫ್ರೇಮ್‌ನಲ್ಲಿ ತೆಗೆದು 25ಕ್ಕೆ ಇಳಿಸಿ ನೋಡಿ. ಆಗ ಹಾಡನ್ನು 1.2 ಪಟ್ಟು ವೇಗದಲ್ಲಿ ಹಾಕಿದರೆ ಸಾಕು. ನಿಧಾನ ಮಾಡಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ನಡಿಗೆಗೆ ಒಂದು ಭಾರ ಬರುತ್ತೆ.

ಇನ್ನೊಂದು ಮುಖ್ಯ ವಿಷಯ, ಇದನ್ನು ಚಿತ್ರೀಕರಣಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಕವಿತೆ ಬರೆದವರ ಅನುಮತಿ ಬೇಕು, ರಾಗ ಹಾಕಿದವರದ್ದೂ ಬೇಕು. ಹಳೇ ಕ್ಯಾಸೆಟ್‌ನ ಧ್ವನಿಮುದ್ರಣವನ್ನೇ ಬಳಸುವುದಾದರೆ ಆ ಕಂಪನಿಯ ಒಪ್ಪಿಗೆ ಬೇರೆ. ನಮ್ಮ ದೇಶದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಮನೆಯವರದ್ದೋ, ಹಕ್ಕು ಪಡೆದವರದ್ದೋ ಆಗಿರುತ್ತೆ. ಬಾಯಿ ಮಾತಿನಲ್ಲಿ ಬಿಡಬೇಡಿ, ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ವಿಡಿಯೊ ಮುಗಿದ ಮೇಲೆ ಲಿಂಕ್ ಕಳಿಸಿ, ಖಂಡಿತ ನೋಡುತ್ತೇನೆ.